ಅಡುಗೆಕಟ್ಟೆಯ ಅಂಚು

ಹೊಳೆಯ ದಂಡೆಯ ಆಶ್ರಮದಲ್ಲಿ ವಾಗೀಶ ಎಂಬ ಶಿಷ್ಯನಿದ್ದ. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಹೆಂಡತಿಯ ತಲೆಯಲ್ಲಿ ಗಡ್ಡೆ ಬೆಳೆದಾಗ ಡಾಕ್ಟರು, ಆಪರೇಷನ್ ಮಾಡಲೂಬಹುದು, ಮಾಡದೆ ಇರಲೂಬಹುದು, ನೀವೇ ಹೇಳಿ ಎಂದಿದ್ದರು. ಅವನು ಮಾಡಿ ಎಂದ. ಆಕೆಗೆ ಮತ್ತೆ ಎಚ್ಚರವಾಗಲಿಲ್ಲ.

ಅದಾದ ಮೇಲೆ ಅವನು ಆಶ್ರಮಕ್ಕೆ ಬಂದು ಅವ್ವನವರ ಕಾಲಿಗೆ ಬಿದ್ದ. ಆಶ್ರಮ ನಡೆಸುವ ಚನ್ನವೀರಮ್ಮನವರನ್ನು ಎಲ್ಲರೂ ಕರೆಯುವುದು ಹಾಗೆ. ಇನ್ನು ಮೇಲೆ ಯಾವುದನ್ನೂ ನಾನು ನಿರ್ಧರಿಸುವುದು ಬೇಡ, ನೀವು ಹೇಳಿದ್ದನ್ನು ಮಾಡಿಕೊಂಡು ಬಿದ್ದಿರುತ್ತೇನೆ ಎಂದು ಬೇಡಿಕೊಂಡ.

ಅವ್ವನವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹೀರೇಕಾಯಿ ಹೆಚ್ಚಲು ಕೂರಿಸಿದರು.

ನಾಲ್ಕು ವರ್ಷ ಅವನು ಹೆಚ್ಚಿದ, ತೊಳೆದ, ಬಡಿಸಿದ. ಕಡೆಗೆ ಅಡುಗೆಮನೆಯೇ ಅವನ ಸುಪರ್ದಿಗೆ ಬಂತು.

ಆಗ ಅಲ್ಲಿದ್ದ ಹಳೇ ಕಡಪ ಕಲ್ಲಿನ ಕಟ್ಟೆ ಬಿರುಕು ಬಿಟ್ಟು ಕುಸಿಯಿತು. ಭಕ್ತರೊಬ್ಬರು ಕರಿ ಗ್ರಾನೈಟಿನ ಹಾಸುಗಳನ್ನು ಕಳಿಸಿಕೊಟ್ಟರು. ಕಟ್ಟೆಯ ಅಂಚು ಹೇಗಿರಬೇಕೆಂದು ಆರಿಸಿಕೊಳ್ಳಲು ಅಂಗೈ ಅಗಲದ ಐದು ಮಾದರಿ ತುಂಡುಗಳೂ ಜೊತೆಗೆ ಬಂದವು. ನೇರ ಅಂಚಿನದೊಂದಿತ್ತು, ಇಳಿಜಾರಿನದೊಂದಿತ್ತು, ದುಂಡಗಿನವು ಎರಡಿದ್ದವು. ಐದನೆಯದರ ಅಂಚು ಅಲೆಯ ಹಾಗೆ ಉಬ್ಬಿ, ತಗ್ಗಿ, ಮತ್ತೆ ಉಬ್ಬಿತ್ತು.

ಅವ್ವನವರು ಅವುಗಳನ್ನು ವಾಗೀಶನ ಮುಂದೆ ಸರಿಸಿದರು.

"ನೀನ ಆರಿಸು."

ನೀವೇ ಹೇಳಿ ಎಂದು ವಾಗೀಶ ಕೈಮುಗಿದ. ಅವರು ಎದ್ದು ಹೋದರು.

ಎಂಟು ದಿನ ತುಂಡುಗಳು ಅವನ ಚಾಪೆಯ ಪಕ್ಕದಲ್ಲೇ ಇದ್ದವು. ನೇರ ಅಂಚು ಸೊಂಟಕ್ಕೆ ಬಡಿಯುತ್ತದೆ. ದುಂಡಗಿದ್ದರೆ ನೀರು ಅದರಗುಂಟ ಇಳಿದು ಕೆಳಗಿನ ಹಿಟ್ಟಿನ ಡಬ್ಬಿಗೆ ಹೋಗುತ್ತದೆ. ಅವನು ಒಂದನ್ನು ಹಿಡಿದು ಇನ್ನೊಂದನ್ನು ಇಡುತ್ತಿದ್ದ. ಯಾವುದನ್ನು ಹಿಡಿದರೂ ಆಸ್ಪತ್ರೆಯ ಆ ಮೇಜು, ಅದರ ಮೇಲಿನ ಕಾಗದ, ಸಹಿಗೆಂದು ಕೊಟ್ಟ ಪೆನ್ನು ಕಣ್ಣಮುಂದೆ ಬರುತ್ತಿತ್ತು.

ಅಷ್ಟೂ ದಿನ ನಲವತ್ತು ಜನರ ಅಡುಗೆ ನೆಲದ ಮೇಲೆಯೇ ನಡೆಯಿತು. ಅಡುಗೆಯ ಕಾಶಮ್ಮನ ಮೊಣಕಾಲು ಬಾತುಕೊಂಡವು. ಒಂದು ಬೆಳಿಗ್ಗೆ ಆಕೆಯನ್ನು ಒಲೆಯ ಮುಂದಿನಿಂದ ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ವಾಗೀಶ ಅವ್ವನವರ ಬಳಿಗೆ ಹೋದ. ಅವರು ಅಕ್ಕಿ ತೊಳೆಯುತ್ತಿದ್ದರು.

"ಅವ್ವ, ಇನ್ನೂ ನಂಗ ಹೇಳಾಕ ಆಗವಲ್ದು."

"ಹೇಳೀದಿಯಲ್ಲ," ಎಂದರು ಅವ್ವನವರು. "ಇವತ್ತೂ ಅಡಿಗಿ ನೆಲದ ಮ್ಯಾಲ ಅಂತ."

ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು. ಅಂದೇ ಅಲೆಯ ಅಂಚು ಎಂದು ಹೇಳಿಕಳಿಸಿದ. ಹೊಳೆಯ ದಂಡೆಯ ಮನೆಗೆ ಅದು ಒಪ್ಪುತ್ತದೆ ಎನ್ನಿಸಿತ್ತು. ನಾಲ್ಕು ವರ್ಷಗಳ ಮೇಲೆ ಒಂದು ಮಾತು ಹೇಳಿದ್ದ, ಯಾರಿಗೂ ಏನೂ ಆಗಿರಲಿಲ್ಲ. ಆ ದಿನ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಕೆಲಸಕ್ಕೆ ಬಂದವನು ಹುಲುಗಪ್ಪ. ನಲವತ್ತು ದಾಟಿರಲಿಲ್ಲ, ಕೂದಲು ಮಾತ್ರ ಬಿಳಿ. ಕಲ್ಲಿನ ಪುಡಿಯಿರಬೇಕು, ತೊಳೆದುಕೊಂಡರೆ ಕಪ್ಪಾದೀತು ಎಂದುಕೊಂಡ ವಾಗೀಶ. ಆಗಲಿಲ್ಲ.

ಹುಲುಗಪ್ಪ ಅಡುಗೆಮನೆಯ ಹಿಂದಿನ ಬೇವಿನ ಮರದ ಕೆಳಗೆ ಹಾಸು ಹೂಡಿಕೊಂಡು, ಬಾಯಿಗೆ ಟವೆಲು ಸುತ್ತಿ, ಕೈಮಷಿನ್ ಚಾಲೂ ಮಾಡಿದ. ಕಲ್ಲು ಕಿರುಚಿತು. ಬಿಳಿ ಪುಡಿ ಎದ್ದು ಮರವನ್ನೆಲ್ಲ ಮುಚ್ಚಿತು.

ಮಧ್ಯಾಹ್ನ ಧ್ಯಾನಕ್ಕೆ ಕೂತವರು ಸದ್ದಿನ ಬಗ್ಗೆ ದೂರಿದರು. ಸ್ವಲ್ಪ ಹೊತ್ತು ನಿಲ್ಲಿಸಲು ಹೇಳೋಣವೆಂದು ವಾಗೀಶ ಹಿತ್ತಲಿಗೆ ಹೋದ. ಮಷಿನ್ ಆಗಲೇ ನಿಂತಿತ್ತು. ಹುಲುಗಪ್ಪ ಎರಡೂ ಕೈ ನೆಲಕ್ಕೂರಿ ಕೆಮ್ಮುತ್ತಿದ್ದ. ಬೆನ್ನಿನ ಎಲುಬುಗಳು ಅಂಗಿಯ ಒಳಗೆ ಏರಿ ಇಳಿಯುತ್ತಿದ್ದವು. ಕೆಮ್ಮು ಬೇಗ ನಿಲ್ಲಲಿಲ್ಲ. ವಾಗೀಶನೂ ಪಕ್ಕದಲ್ಲಿ ಕೂತ.

ಏನಾಗಿದೆ ಎಂದು ಕೇಳಿದ. ಎದೆಯೊಳಗೆ ಕಲ್ಲಿನ ಪುಡಿ ಕೂತಿದೆಯಂತೆ, ಡಾಕ್ಟರು ಫೋಟೊ ತೆಗೆದು ತೋರಿಸಿದ್ದಾರೆ ಎಂದ ಹುಲುಗಪ್ಪ. ಇಬ್ಬರು ಅಣ್ಣಂದಿರು ಇದರಲ್ಲೇ ಹೋದರು. ಈಗ ತಾನೂ ತಮ್ಮ ದುರುಗಪ್ಪನೂ ಉಳಿದಿದ್ದಾರೆ. ಬೇರೆಯವರ ಊರಿನ ಸುದ್ದಿ ಹೇಳುವಂತೆ ಹೇಳಿದ.

"ನೀರು ಹಾಕ್ಕೊಂಡು ಉಜ್ಜಬಾರದೇನು?"

"ನೀರು ಹಾಕಿದ್ರ ಗುರ್ತಿಗೆ ಎಳೆದ ಗೆರಿ ಕಾಣಂಗಿಲ್ರಿ ಸ್ವಾಮೇರ. ಈ ಮಷಿನ್‌ಗೆ ಕರೆಂಟೂ ಹೊಡಿತೈತಿ."

ಹಾಗಾದರೆ ಅಲೆ ಬೇಡ, ನೇರ ಅಂಚೇ ಸಾಕು ಎಂದ ವಾಗೀಶ. ನೇರ ಅಂಚು ಒಪ್ಪತ್ತಿನ ಕೆಲಸ, ಅಲೆಯ ಅಂಚು ಐದು ದಿನದ್ದು, ಐದು ದಿನವೆಂದೇ ಇನ್ನೊಂದು ಕೆಲಸ ಬಿಟ್ಟು ಬಂದಿದ್ದೇನೆ ಎಂದ ಹುಲುಗಪ್ಪ. ಐದೂ ದಿನದ ಕೂಲಿ ಕೊಡಿಸುತ್ತೇನೆ, ಮನೆಗೆ ಹೋಗು ಎಂದ ವಾಗೀಶ.

ಹುಲುಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಇಲ್ಲಿ ನೀವು ಬಿಡಸ್ತೀರಿ. ಮುಂದಿನ ಮನ್ಯಾಗ ಯಾರು ಬಿಡಸ್ತಾರ?"

ಹುಲುಗಪ್ಪ ವಾಗೀಶನ ಕೈ ಹಿಡಿದು, ಆಗಲೇ ಮುಗಿದಿದ್ದ ಒಂದು ಗೇಣು ಅಂಚಿನ ಮೇಲೆ ಇಟ್ಟ. ಮುಟ್ಟಿ ನೋಡಿ, ಎಲ್ಲಾದರೂ ತಡೆಯುತ್ತದೆಯೇ ಎಂದು ಕೇಳಿದ. ಎಲ್ಲೂ ತಡೆಯಲಿಲ್ಲ. ಅಷ್ಟು ನುಣುಪಾದದ್ದನ್ನು ವಾಗೀಶ ಹಿಂದೆಂದೂ ಮುಟ್ಟಿರಲಿಲ್ಲ. ಅದು ಚೆಂದವಿದೆ ಎನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವನು ಓಡಿದ ಹಾಗೆ ಅವ್ವನವರ ಕೋಣೆಗೆ ಹೋದ.

"ಅವ್ವ, ಅವನ ಎದಿ ಹಿಂಗಾಗಿದ್ದು ನಿಮಗ ಗೊತ್ತಿತ್ತೇನು?"

"ಕೆಮ್ಮು ಕೇಳಿದವರಿಗೆಲ್ಲ ಗೊತ್ತಾಗ್ತೈತಿ."

"ಮತ್ತ ನಂಗ್ಯಾಕ ಹೇಳಲಿಲ್ಲ?"

"ನೀ ಅಂಚಿನ ಬಗ್ಗೆ ಕೇಳಿದ್ದಿ."

ಮಾಡಿಸಿದರೂ ಪಾಪ, ಬಿಡಿಸಿದರೂ ಪಾಪ, ನಾನೇನು ಮಾಡಲಿ ಎಂದು ವಾಗೀಶ ಅವರ ಕಾಲ ಬಳಿ ಕುಸಿದ. ಅವ್ವನವರು ಮೂಲೆಯಲ್ಲಿದ್ದ ತಂಬಿಗೆ ತಂದು ಅವನ ಕೈಗಿತ್ತರು.

"ಅವಂಗ ನೀರಡಿಸಿರ್ತೈತಿ."

ಅಂದಿನಿಂದ ವಾಗೀಶ ಮರದ ಕೆಳಗೇ ಕೂತ. ನೀರು ಕೊಟ್ಟ. ಟವೆಲು ತೋಯಿಸಿ, ಹಿಂಡಿ, ಹುಲುಗಪ್ಪನ ಬಾಯಿಗೆ ಕಟ್ಟಿದ, ಒಣಗಿದೊಡನೆ ಮತ್ತೆ ತೋಯಿಸಿದ. ಪುಡಿ ಅವನ ಹುಬ್ಬಿನ ಮೇಲೂ ಕೂತಿತು, ಅನ್ನದ ಜೊತೆ ಹಲ್ಲಿಗೂ ಸಿಕ್ಕಿತು. ಹುಲುಗಪ್ಪ ಕೆಮ್ಮಿದಾಗಲೆಲ್ಲ ಅವನು ಬೆನ್ನು ನೀವುತ್ತಿದ್ದ. ಅದರಿಂದ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಾಲ್ಕನೆಯ ದಿನ ಹುಲುಗಪ್ಪ ಬರಲಿಲ್ಲ. ಐದನೆಯ ದಿನವೂ ಬರಲಿಲ್ಲ. ಅರ್ಧ ಮುಗಿದ ಹಾಸು ಮರದ ಕೆಳಗೆ ಹಾಗೇ ಬಿದ್ದಿತ್ತು. ಕಾಶಮ್ಮ ನೆಲದ ಮೇಲೆಯೇ ಅಡುಗೆ ಮಾಡುತ್ತಿದ್ದಳು.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ದುರುಗಪ್ಪ ಬಂದ. ಹೆಗಲ ಮೇಲೆ ಚೀಲ, ಚೀಲದಲ್ಲಿ ಅಣ್ಣನ ಮಷಿನ್. ಅಣ್ಣ ಹೋಗಿ ಹನ್ನೆರಡು ದಿನವಾಯಿತು, ಉಸಿರು ಸಿಗದೆ ಗೋಡೆಗೊರಗಿ ಕೂತವನು ಕೂತ ಹಾಗೇ ಹೋದ ಎಂದು ತಿಳಿಸಿದ. ಅಣ್ಣ ಹಿಡಿದ ಕೆಲಸ ಮುಗಿಸಿಕೊಡಲು ತಾನು ಬಂದಿದ್ದೇನೆ ಎಂದ.

ಅವ್ವನವರು ನಿಂತಿದ್ದ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಅವರು ಹಾಗೆ ಕೂತಿದ್ದನ್ನು ವಾಗೀಶ ಎಂದೂ ಕಂಡಿರಲಿಲ್ಲ. ಹುಲುಗಪ್ಪನ ಮಕ್ಕಳ ಹೆಸರು ಕೇಳಿದರು. ದುರುಗಪ್ಪ ಮೂರು ಹೆಸರು ಹೇಳಿದ. ಅವರು ಒಂದೊಂದನ್ನೂ ಮೆಲ್ಲಗೆ ತಾವೂ ಹೇಳಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋದರು.

ಅಂಗಳದಲ್ಲಿ ಇಬ್ಬರೇ ಉಳಿದರು.

"ಉಳಿದದ್ದು ಯಾವ ಅಂಚು ಮಾಡ್ಲಿ ಸ್ವಾಮೇರ? ಅಣ್ಣ ಮಾಡಿದ್ದನ್ನ ಮುಂದುವರಸ್ಲೋ, ಪೂರಾ ಕಡಿದು ನೇರ ಮಾಡ್ಲೋ?"

ಇಷ್ಟು ಕೇಳುವುದರೊಳಗೆ ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

ನೀರು ಹಾಕಿಕೊಂಡು ಉಜ್ಜುವ ಮಷಿನ್ ಎಲ್ಲಾದರೂ ಸಿಗುತ್ತದೆಯೇ ಎಂದು ವಾಗೀಶ ವಿಚಾರಿಸಿದ. ದೊಡ್ಡ ಊರಿನ ಫ್ಯಾಕ್ಟರಿಗಳಲ್ಲಿ ಇದೆಯಂತೆ, ಅಲ್ಲಿಗೆ ಕಲ್ಲು ಹೋದರೆ ನಮಗೆ ಕೆಲಸವಿರುವುದಿಲ್ಲ ಎಂದ ದುರುಗಪ್ಪ. ಕೆಲಸ ಮಾಡದೆ ಕೂಲಿ ಒಯ್ಯುವಿಯಾ ಎಂದು ವಾಗೀಶ ಕೇಳಿದ. ಒಯ್ಯುತ್ತೇನೆ, ನಾಳಿನ ಕೂಲಿಗೆ ಎಲ್ಲಿಗೆ ಬರಲಿ ಎಂದ ದುರುಗಪ್ಪ. ಅದರಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿ ಕೇಳಿದ್ದ. ಈಗ ಅಣ್ಣನದೂ ಸೇರಿ ಎರಡು ಮನೆಯ ಒಲೆ ಅವನದೇ ಆಗಿತ್ತು.

ವಾಗೀಶ ಒಳಗೆ ಹೋದ. ಅವ್ವನವರು ಕಿಟಕಿಯ ಬಳಿ ನಿಂತಿದ್ದರು.

"ನನ್ನ ಕಡಿಂದ ಆಗಂಗಿಲ್ಲವ್ವ. ನಾ ಬಾಯಿ ತೆಗೆದಾಗೆಲ್ಲ ಯಾರರ ಸಾಯ್ತಾರ. ಇದೊಂದು ಸಲ ನೀವ ಹೇಳ್ರಿ."

ಅವ್ವನವರು ಅವನತ್ತ ತಿರುಗಿದರು. ಅವರ ಕಣ್ಣು ತುಂಬಿದ್ದವು.

"ನನಗೂ ಗೊತ್ತಿಲ್ಲ, ತಮ್ಮಾ."

ವಾಗೀಶ ಅವರ ಬಾಯನ್ನೇ ನೋಡುತ್ತ ನಿಂತ. ಇನ್ನೇನಾದರೂ ಬರಬಹುದೆಂದು ಕಾದ. ಅವ್ವನವರು ಮತ್ತೆ ಕಿಟಕಿಯ ಹೊರಗೆ ನೋಡಿದರು.

"ಅಂವ ಬಿಸಲಾಗ ನಿಂತಾನ, ವಾಗೀಶ. ಹೋಗಿ ಹೇಳು."