ಎರಡು ಗೀರಿನ ವಾಷರ್

"ಗುರುಗಳೇ, ನನ್ನಲ್ಲಿಲ್ಲದ್ದು ಮರಿಸ್ವಾಮಿಯಲ್ಲಿ ಏನಿದೆ?" ಎಂದು ಶಿಷ್ಯ ನಂಜಯ್ಯ ಕೇಳಿದ.

ಹಿಂದಿನ ದಿನ ಮರಿಸ್ವಾಮಿಯ ಪ್ರವಚನದ ಒಂದು ಮಾತನ್ನು ಗುರುಗಳು ಎಲ್ಲರ ಎದುರು ಮೆಚ್ಚಿದ್ದರು. ನಂಜಯ್ಯ ಮಠಕ್ಕೆ ಮರಿಸ್ವಾಮಿಗಿಂತ ಎರಡು ವರ್ಷ ಮೊದಲು ಬಂದವನು. ಈಚೆಗೆ ಸರದಿ ಬಂದರೂ ಅವನು ಪ್ರವಚನ ಮಾಡುತ್ತಿರಲಿಲ್ಲ. ಈಗ ಬಟ್ಟೆಯ ಗಂಟನ್ನು ಬಾಗಿಲ ಬಳಿ ಇಟ್ಟು ಒಳಗೆ ಬಂದಿದ್ದ. ಉತ್ತರ ಸಿಗದಿದ್ದರೆ ಬೇರೆ ಮಠಕ್ಕೆ ಹೋಗುವುದೆಂದು ನಿಶ್ಚಯಿಸಿದ್ದ.

ಗುರುಗಳು ಗಂಟನ್ನು ನೋಡಿದರು. ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಏರ್‌ಗನ್ ರಿಪೇರಿ ಮಾಡುವ ಉಸ್ತಾದನಿದ್ದ. ಅವನ ಬಳಿ ಇಬ್ಬರು ಕೆಲಸ ಕಲಿತರು. ಏರ್‌ಗನ್ನಿನಲ್ಲಿ ಮದ್ದು ಇರುವುದಿಲ್ಲ. ಕೊಳವೆಯೊಳಗಿನ ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಗಾಳಿಯನ್ನು ತಳ್ಳುತ್ತದೆ, ಗಾಳಿ ಗುಂಡನ್ನು ತಳ್ಳುತ್ತದೆ. ಪಿಸ್ಟನ್ನಿನ ತಲೆಗೆ ಚರ್ಮದ ವಾಷರ್ ಇರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಗಾಳಿ ಸೋರಿ ಗುಂಡು ಬಲಗುಂದುತ್ತದೆ. ವಾಷರ್ ಕತ್ತರಿಸುವುದು ಹಿರಿಯ ಶಿಷ್ಯನ ಕೆಲಸ. ಬಂದೂಕು ಬಿಚ್ಚಿ ಜೋಡಿಸುವುದು ಕಿರಿಯನ ಕೆಲಸ. ವಾಷರ್ ಕತ್ತರಿಸಿದವನು ಅದರ ಅಂಚಿನಲ್ಲಿ ತನ್ನ ಗುರುತನ್ನು ಗೀರಬೇಕೆಂಬುದು ಉಸ್ತಾದನ ನಿಯಮ. ಉಸ್ತಾದನದು ಒಂದು ಗೀರು. ಹಿರಿಯನದು ಎರಡು.

ಬಿಚ್ಚುವಾಗ ಎಚ್ಚರ ಬೇಕು. ಬಂದೂಕು ಸುಮ್ಮನೆ ಮೂಲೆಯಲ್ಲಿ ನಿಂತಿದ್ದಾಗಲೂ ಸ್ಪ್ರಿಂಗ್ ನಾಲ್ಕು ಬೆರಳಿನಷ್ಟು ಅದುಮಿಕೊಂಡೇ ಇರುತ್ತದೆ. ಅದನ್ನು ತಡೆದಿರುವುದು ಹಿಂಬದಿಯ ಉಕ್ಕಿನ ಬಿರಡೆ. ಬಿರಡೆಯನ್ನು ಹಿಡಿದಿರುವುದು ಒಂದು ಅಡ್ಡ ಮೊಳೆ. ಆದ್ದರಿಂದ ಕೊಳವೆಯನ್ನು ತಿರುಪಿನ ಚೌಕಟ್ಟಿನಲ್ಲಿ ಕೂರಿಸಿ, ಬಿರಡೆಯನ್ನು ಒತ್ತಿ ಹಿಡಿದು, ಮೊಳೆ ತೆಗೆದು, ಆಮೇಲೆ ತಿರುಪನ್ನು ನಿಧಾನವಾಗಿ ಸಡಿಲ ಬಿಡಬೇಕು.

ಉಸ್ತಾದ ಸಾಯುವಾಗ ಚರ್ಮ ಕೊಯ್ಯುವ ಕತ್ತಿಯನ್ನು ಹಿರಿಯನಿಗೂ ಚೌಕಟ್ಟನ್ನು ಕಿರಿಯನಿಗೂ ಕೊಟ್ಟ. ಏಕೆ ಹಾಗೆ ಹಂಚಿದನೆಂದು ಕೇಳಲು ಆಮೇಲೆ ಅವನಿರಲಿಲ್ಲ. ಹಿರಿಯ ಬೀದಿಯ ಆಚೆ ಬೇರೆ ಅಂಗಡಿ ಹಾಕಿದ. ಚೌಕಟ್ಟನ್ನು ಕಿರಿಯ ತನ್ನ ಜಗಲಿಯ ಮೇಲೆ ಭದ್ರವಾಗಿ ಕೂರಿಸಿದ್ದ. ಹಿರಿಯ ತನಗೆ ಬಂದ ಬಂದೂಕುಗಳನ್ನು ಅಲ್ಲಿಗೇ ಒಯ್ದು ಬಿಚ್ಚಿಕೊಂಡು ಬರುತ್ತಿದ್ದ. ಕಿರಿಯ ಬೇಡವೆನ್ನಲಿಲ್ಲ. ಹಿರಿಯ ಮುಖವೆತ್ತಿ ಮಾತಾಡಲಿಲ್ಲ.

ಗಿರಾಕಿಗಳು ಕಿರಿಯನ ಕಡೆಗೇ ಹೋಗತೊಡಗಿದರು. ಅವನ ಗುಟ್ಟು ಸ್ಪ್ರಿಂಗಿನಲ್ಲಿದೆ ಎಂದು ಹಿರಿಯ ಊಹಿಸಿದ. ತಾನು ಅದಕ್ಕಿಂತ ಬಿಗಿಯಾದ ಸ್ಪ್ರಿಂಗ್ ತರಿಸಿ ಹಾಕಿದ. ಚರ್ಮ ಕತ್ತರಿಸುತ್ತ ಕುಳಿತರೆ ಹಿಂದೆ ಬೀಳುತ್ತೇನೆಂದು ಪೇಟೆಯ ಪ್ಲಾಸ್ಟಿಕ್ ವಾಷರ್ ಹಾಕಿದ. ಕತ್ತಿ ಗೂಡಿನಲ್ಲಿ ತುಕ್ಕು ಹಿಡಿಯಿತು. ಕೆಲಸದ ನಡುವೆ ಅವನ ಕಣ್ಣು ಬೀದಿಯ ಆಚೆಗೇ ಇರುತ್ತಿತ್ತು.

ಬಲೂನು ಹೊಡೆಸುವವನೊಬ್ಬ ತನ್ನ ಎರಡು ಬಂದೂಕುಗಳನ್ನು ಒಬ್ಬೊಬ್ಬರಲ್ಲಿ ಒಂದೊಂದು ರಿಪೇರಿ ಮಾಡಿಸಿದ್ದ. ಅವನು ಒಂದು ದಿನ ಎರಡನ್ನೂ ಹಿಡಿದು ಹಿರಿಯನ ಬಳಿ ಬಂದು, "ಮೇಸ್ತ್ರಿ, ಅವರು ಮಾಡಿದ ಬಂದೂಕಿನಿಂದ ಹೊಡೆದರೆ ಬಲೂನು ಒಡೆಯುತ್ತದೆ. ನಿಮ್ಮದರಿಂದ ಹೊಡೆದರೆ ಬೇಡ ಬೇಡವೆಂದು ತಲೆ ಅಲ್ಲಾಡಿಸುತ್ತದೆ" ಎಂದ.

ಹಿರಿಯನೂ ನಕ್ಕ. ಗುರಿ ಸ್ವಲ್ಪ ಸರಿಪಡಿಸುತ್ತೇನೆಂದು ನೆಪ ಹೇಳಿ, ಕಿರಿಯ ರಿಪೇರಿ ಮಾಡಿದ್ದ ಬಂದೂಕನ್ನು ಒಂದು ದಿನಕ್ಕೆ ಇಟ್ಟುಕೊಂಡ. ಅದರೊಳಗೆ ಏನಿದೆ ಎಂದು ನೋಡಬೇಕಿತ್ತು. ಆದರೆ ಅದೊಂದು ಬಂದೂಕನ್ನು ಮಾತ್ರ ಕಿರಿಯನ ಜಗಲಿಗೆ ಒಯ್ಯುವಂತಿರಲಿಲ್ಲ.

ಅವನು ಅಂಗಡಿಯ ಬಾಗಿಲು ಹಾಕಿದ. ಕೊಳವೆಯ ತುದಿಯನ್ನು ಗೋಡೆಗೆ ಆನಿಸಿದ. ಬಲ ಅಂಗೈಯಿಂದ ಬಿರಡೆಯನ್ನು ಒತ್ತಿ ಹಿಡಿದು, ಎಡಗೈಯಿಂದ ಮೊಳೆಯನ್ನು ಕಿತ್ತ. ಇಪ್ಪತ್ತು ವರ್ಷ ಕೆಲಸ ಮಾಡಿದವನು ಅವನು. ಚೌಕಟ್ಟಿಲ್ಲದೆ ಬಿಚ್ಚಬಾರದೆಂದು ಅವನಿಗೆ ತಿಳಿದಿತ್ತು. ಬಿರಡೆ ಚಿಮ್ಮಿ ಹೆಬ್ಬೆರಳಿನ ಬುಡದ ಮೂಳೆಯನ್ನು ಮುರಿಯಿತು.

ಸ್ಪ್ರಿಂಗ್ ನೆಲದ ಮೇಲೆ ಬಿದ್ದಿತ್ತು. ಅದು ಎಲ್ಲ ಅಂಗಡಿಗಳಲ್ಲಿ ಸಿಗುವ ಸಾಧಾರಣ ಸ್ಪ್ರಿಂಗ್. ಅವನು ಎಡಗೈಯಿಂದ ಕೊಳವೆಯನ್ನು ಬಗ್ಗಿಸಿದ. ಪಿಸ್ಟನ್ ಜಾರಿ ಹೊರಗೆ ಬಂತು. ಅದರ ತಲೆಯಲ್ಲಿ ಎಣ್ಣೆ ಕುಡಿದು ಕಪ್ಪಾದ ಚರ್ಮದ ವಾಷರ್ ಇತ್ತು. ಅಂಚಿನಲ್ಲಿ ಎರಡು ಗೀರುಗಳಿದ್ದವು.

ಸದ್ದು ಕೇಳಿ ಕಿರಿಯ ಬೀದಿ ದಾಟಿ ಬಂದ. ಬಾಗಿಲು ತಳ್ಳಿ ಒಳಗೆ ಬಂದು ಅವನ ಕೈಗೆ ಒದ್ದೆ ಬಟ್ಟೆ ಸುತ್ತಿದ. ಯಾರ ಬಂದೂಕೆಂದು ನೋಡಿದ.

"ಈ ವಾಷರ್ ನಿನಗೆ ಎಲ್ಲಿ ಸಿಕ್ಕಿತು?" ಎಂದು ಹಿರಿಯ ಕೇಳಿದ.

"ನನಗೆ ಚರ್ಮ ಕತ್ತರಿಸಲು ಬರುವುದಿಲ್ಲವಲ್ಲ, ಅಣ್ಣ" ಎಂದ ಕಿರಿಯ. "ಹಾಳಾದ ಹಳೆಯ ಬಂದೂಕುಗಳಲ್ಲಿ ನಿಮ್ಮದು ಸಿಕ್ಕರೆ ತೆಗೆದು ಎಣ್ಣೆಯಲ್ಲಿ ನೆನೆಹಾಕಿ ಇಟ್ಟುಕೊಳ್ಳುತ್ತೇನೆ. ಇನ್ನು ಆರು ಉಳಿದಿವೆ. ಹೊಸದು ಮಾಡಿಕೊಡಿ ಎಂದು ಕೇಳಬೇಕೆಂದಿದ್ದೆ. ಜಗಲಿಗೆ ಬಂದರೂ ನೀವು ನನ್ನ ಕಡೆ ನೋಡುತ್ತಿರಲಿಲ್ಲ."

ಹಿರಿಯನ ಮೂಳೆ ಕೂಡಿತು, ಆದರೆ ಹೆಬ್ಬೆರಳು ಮಡಿಸಲು ಬರಲಿಲ್ಲ. ಕತ್ತಿ ಆ ಕೈಯಲ್ಲಿ ನಿಲ್ಲಲಿಲ್ಲ. ಆ ಆರು ವಾಷರ್‌ಗಳು ಎರಡು ವರ್ಷ ಬಂದವು. ಆಮೇಲೆ ಆ ಊರಿನಲ್ಲಿ ಅಂಥ ಬಂದೂಕು ಇರಲಿಲ್ಲ.

ಗುರುಗಳು ಕತೆ ಮುಗಿಸಿದರು. ನಂಜಯ್ಯ, ತಾನು ಕೇಳಿದ್ದು ಮರಿಸ್ವಾಮಿಯ ವಿಷಯ, ಅದಕ್ಕೆ ಉತ್ತರ ಬರಲಿಲ್ಲ ಎಂದು ಹೇಳಿ, ಏಳಲು ನೆಲಕ್ಕೆ ಕೈಯೂರಿದ.

ಗುರುಗಳು ಹೇಳಿದರು: "ನಿನ್ನೆ ನಾನು ಮೆಚ್ಚಿದ ಮಾತನ್ನು ಹೋದ ವರ್ಷ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ನೀನೇ ಅವನಿಗೆ ಹೇಳಿದ್ದೆಯಂತೆ."