ಸೇರಿಗೆ ಒಂದು ಹಿಡಿ ಕಡಿಮೆ

ಕೂಲಿ ಮಾಡುವ ಎಸ್ತೇರಮ್ಮನ ಮನೆಯ ಹಿತ್ತಾಳೆ ಸೇರಿಗೆ ಮೂಗಿನ ತುದಿಯಲ್ಲೇ ಕೋಪ. ದಿನಾ ಅನ್ನಕ್ಕೆಂದು ಅದರ ತುಂಬ ಅಕ್ಕಿ ಅಳೆದ ಮೇಲೆ ಆಕೆ ಅದರಿಂದಲೇ ಒಂದು ಹಿಡಿ ತೆಗೆದು, ಬಡವರಿಗೆಂದು ಅಕ್ಕಿ ಕೂಡಿಸಲು ಚರ್ಚಿನವರು ಮನೆಮನೆಗೂ ಕೊಟ್ಟಿದ್ದ ಮಣ್ಣಿನ ಕುಡಿಕೆಗೆ ಹಾಕುತ್ತಿದ್ದಳು.

"ಅಳತೆಗೆ ಹೆಸರಾದವನು ನಾನು. ದಿನಾ ನನ್ನ ಮಾನ ಕಳೆಯುತ್ತೀಯಲ್ಲ! ಮೂಲೆಯ ಅಕ್ಕಿ ಮೂಟೆಯನ್ನು ಕೇಳಬಾರದೆ?" ಎಂದು ಸೇರು ಕುಡಿಕೆಯ ಮೇಲೆ ರೇಗಿತು.

"ಧಾರಾಳವಾಗಿ ತಗೋ," ಎಂದಿತು ಮೂಟೆ. "ಎರಡು ಹಿಡಿ ಹೋದರೂ ನನಗೆ ಗೊತ್ತೇ ಆಗುವುದಿಲ್ಲ."

"ಅದಕ್ಕೇ ನಿನ್ನನ್ನು ಕೇಳುವುದಿಲ್ಲ ಮಾರಾಯ," ಎಂದಿತು ಕುಡಿಕೆ.

ಸೇರಿಗೆ ಈ ಮಾತು ತಲೆಗೆ ಹೋಗಲಿಲ್ಲ.

ಒಮ್ಮೆ ಎಸ್ತೇರಮ್ಮ ಜ್ವರ ಬಂದು ಮಲಗಿದಳು. ಕೂಲಿ ನಿಂತಿತು, ಮೂಟೆ ಬರಿದಾಯಿತು. ಭಾನುವಾರ ಚರ್ಚಿನ ಹೆಂಗಸರು ಒಂದು ಚೀಲ ಅಕ್ಕಿ ತಂದಿಳಿಸಿದರು. ಕೆಂಪಕ್ಕಿ, ಬಿಳಿಯಕ್ಕಿ, ಕುಚ್ಚಲಕ್ಕಿ, ನುಚ್ಚು ಎಲ್ಲವೂ ಅದರಲ್ಲಿ ಬೆರೆತಿದ್ದವು.

"ಇದೆಂಥ ಬೆರಕೆ! ಯಾವ ಮೂಟೆಯದು?" ಎಂದು ಸೇರು ನಕ್ಕಿತು.

"ಯಾವ ಮೂಟೆಯದೂ ಅಲ್ಲ," ಎಂದಿತು ಕುಡಿಕೆ. "ನಿನ್ನ ಹಾಗೆ ಗೊಣಗುವ ನಲವತ್ತು ಸೇರುಗಳದ್ದು."



ಮರುದಿನ ಎಸ್ತೇರಮ್ಮ ಎದ್ದು, ಸೇರು ತುಂಬಿಸಿ, ಒಂದು ಹಿಡಿ ತೆಗೆಯಲು ಕೈ ಚಾಚಿದಳು. ಅಷ್ಟರಲ್ಲಿ ಸೇರು ತಾನಾಗಿಯೇ ಕುಡಿಕೆಯತ್ತ ವಾಲಿತು. ಅಳತೆಗೆ ಹೆಸರಾದ ಆ ಸೇರು ಜನ್ಮದಲ್ಲಿ ಮೊದಲ ಸಲ ಅಳತೆ ತಪ್ಪಿತು. ಕುಡಿಕೆಗೆ ಬಿದ್ದದ್ದು ಎರಡು ಹಿಡಿ.