ಬಳೆಗಾರ್ತಿಯ ಪಾತಿ

"ಗುರುಗಳೇ, ಇನ್ನೊಬ್ಬರಿಗೆ ಕಲಿಸುವ ಯೋಗ್ಯತೆ ನನಗೆ ಬಂದಿದೆಯೆಂದು ತಿಳಿಯುವುದು ಹೇಗೆ?" ಎಂದು ಚೆನ್ನವೀರ ಕೇಳಿದ.

ಊರವರು ತಮ್ಮ ಮಕ್ಕಳಿಗೆ ಪಾಠ ಹೇಳಲು ಅವನನ್ನು ಕರೆದಿದ್ದರು. ತನ್ನ ಕಲಿಕೆಯಲ್ಲಿ ಇನ್ನೂ ಕೊರತೆಯಿದೆಯೆಂದು ಅವನು ಹೋಗಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಅವಳ ಬೀದಿಯ ಕೊನೆಯಲ್ಲಿ ಪಾಳು ಜಾಗವೊಂದಿತ್ತು. ಜನ ಅಲ್ಲಿ ಕಸ ಸುರಿಯುತ್ತಿದ್ದರು. ಅದನ್ನು ಬೀದಿಯವರೆಲ್ಲರ ತೋಟವಾಗಿ ಮಾಡಬೇಕೆಂದು ಬಳೆಗಾರ್ತಿಗೆ ಬಹಳ ಆಸೆ. ಆದರೆ ಪುರಸಭೆಯವರು ಅಂಥ ಜಾಗವನ್ನು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ತಮ್ಮ ಊರತೋಟದಲ್ಲಿ ಗಿಡ ಬೆಳೆಸುವ ತರಬೇತಿ ಮುಗಿಸಿ, ಸ್ವಯಂಸೇವಕರೆಂದು ಪ್ರಮಾಣಪತ್ರ ಪಡೆದವರಿಗೆ ಮಾತ್ರ ಕೊಡುತ್ತಿದ್ದರು.

ಬಳೆಗಾರ್ತಿ ತರಬೇತಿಗೆ ಸೇರಿದಳು. ಕಲಿಯಲು ಬಂದ ಒಬ್ಬೊಬ್ಬರಿಗೂ ಒಂದೊಂದು ಪಾತಿ ಸಿಕ್ಕಿತು. ಅವಳು ಬೆಳಗಾಗುತ್ತಲೇ ಬಂದು ಮಣ್ಣು ಹದಮಾಡಿ, ಕಳೆ ಕಿತ್ತು, ನೀರು ಹನಿಸಿ, ಆಮೇಲೆ ಬಳೆಯ ಮಲಾರ ಹೊತ್ತು ವ್ಯಾಪಾರಕ್ಕೆ ಹೋಗುತ್ತಿದ್ದಳು. ಅವಳ ಪಾತಿಯ ಹರಿವೆ, ಮೆಂತ್ಯ, ಬದನೆಯ ಮುಂದೆ ಉಳಿದವರ ಪಾತಿಗಳು ಸಪ್ಪೆಯಾಗಿ ಕಂಡವು. ಅವಳಿಗೆ ಹೆಮ್ಮೆಯಾಯಿತು. ಬಗ್ಗಿ ನೋಡಲು ಬಂದವರನ್ನು ಮುಟ್ಟಬೇಡಿ ಎಂದು ಗದರಿದಳು. ಸುತ್ತ ಮುಳ್ಳಿನ ಬೇಲಿ ಕಟ್ಟಿದಳು.

ತರಬೇತಿಯ ಕೊನೆಗೆ ಪರೀಕ್ಷೆಯ ದಿನ ಬೆಳಿಗ್ಗೆ ಬಂದು ನೋಡಿದರೆ, ಹೋರಿಯೊಂದು ಬೇಲಿ ಮುರಿದು ಒಳಗೆ ನುಗ್ಗಿತ್ತು. ಹಸಿರು ದಟ್ಟವಾಗಿದ್ದ ಕಡೆಗೇ ಅದು ಹೋಗಿತ್ತು. ಒಂದು ಎಲೆಯೂ ಉಳಿದಿರಲಿಲ್ಲ.

ಬಳೆಗಾರ್ತಿ ಪಾತಿಯ ಅಂಚಿನಲ್ಲಿ ಕುಳಿತು ಅತ್ತಳು. ಮನೆಗೆ ಹೋಗಿಬಿಡೋಣವೆನ್ನಿಸಿತು. ಆದರೆ ಹೋರಿಯ ಗೊರಸಿಗೆ ಮಗುಚಿದ ಮಣ್ಣು ಕಪ್ಪಗೆ, ಹದವಾಗಿ ಮುಂದೆ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಎದ್ದು ಗುದ್ದಲಿ ಹಿಡಿದಳು. ಒಬ್ಬಳಿಂದ ಮುಗಿಯುವ ಕೆಲಸವಲ್ಲ ಎಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಸಂತೆಗೆ ಹೊರಟಿದ್ದ ಮೊಸರಿನವಳನ್ನು ಕರೆದು, ಒಂದಿಷ್ಟು ಕೈಜೋಡಿಸುವೆಯಾ ಎಂದು ಕೇಳಿದಳು.

ಮೊಸರಿನವಳು ಗಡಿಗೆ ಇಳಿಸಿ ಬಂದಳು. ಅವಳಿಗೆ ಬಿತ್ತಲು ಬರುತ್ತಿರಲಿಲ್ಲ. ಬಳೆಗಾರ್ತಿ ಅವಳ ಕೈಯನ್ನು ಬಳೆ ತೊಡಿಸುವ ನಯದಿಂದ ಹಿಡಿದು, ಬೆರಳಿನಿಂದ ಗೆರೆ ಎಳೆಸಿದಳು, ಬೀಜ ಉದುರಿಸಿದಳು, ತೆಳ್ಳಗೆ ಮಣ್ಣು ಮುಚ್ಚಿಸಿದಳು. ಮೊಸರಿನವಳಿಗೆ ಖುಷಿಯೋ ಖುಷಿ. ದಾರಿಯಲ್ಲಿ ಹೋಗುತ್ತಿದ್ದ ಕ್ಷೌರಿಕನನ್ನು ಕೂಗಿ ಅವನಿಗೂ ತೋರಿಸಿಕೊಟ್ಟಳು. ಅವನು ಕುಂಬಾರನನ್ನು ಕರೆದ. ಒಬ್ಬರು ಬೀಜವನ್ನು ಒತ್ತಾಗಿ ಸುರಿದರೆ ಇನ್ನೊಬ್ಬರು ತಿದ್ದಿದರು, ಮತ್ತೊಬ್ಬರು ನಕ್ಕರು. ಬೇಲಿ ಓಡಾಟಕ್ಕೆ ಅಡ್ಡವಾಯಿತು. ಬಳೆಗಾರ್ತಿಯೇ ಅದನ್ನು ಕಿತ್ತು ಆಚೆ ಎಸೆದಳು. ಅತ್ತದ್ದೂ ನೆನಪಿರಲಿಲ್ಲ, ಪರೀಕ್ಷೆಯೂ ನೆನಪಿರಲಿಲ್ಲ.

ನಡು ಮಧ್ಯಾಹ್ನ ಪರೀಕ್ಷಕರು ಬಂದರು. ಬರಿ ಮಣ್ಣು ಕಂಡು, "ನೀವು ಬೆಳೆದದ್ದು ಎಲ್ಲಿದೆಯಮ್ಮಾ?" ಎಂದು ಕೇಳಿದರು.

"ಹೋರಿ ತಿಂದಿತು ಸ್ವಾಮಿ. ಈಗ ಬಿತ್ತುತ್ತಿದ್ದೇವೆ," ಎಂದಳು ಬಳೆಗಾರ್ತಿ.

ಪರೀಕ್ಷಕರು ಕ್ಷೌರಿಕನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಹೊಸದಾಗಿ ಬಿತ್ತಿದ ಪಾತಿಗೆ ನೀರು ಹೇಗೆ ಕೊಡಬೇಕೆಂದು ವಿಚಾರಿಸಿದರು. ಸುರಿಯಬಾರದು, ಚಿಮುಕಿಸಬೇಕು, ಇಲ್ಲವಾದರೆ ಬೀಜವೆಲ್ಲ ಕೊಚ್ಚಿಕೊಂಡು ಒಂದು ಮೂಲೆ ಸೇರುತ್ತದೆ ಎಂದು ಅವನು ತಿಳಿದವನ ಹಾಗೆ ವಿವರಿಸಿದ. ಯಾರು ಕಲಿಸಿದರೆಂದು ಕೇಳಿದಾಗ ಮೊಸರಿನವಳ ಕಡೆ ಕೈ ತೋರಿಸಿದ. ಮೊಸರಿನವಳು ಬಳೆಗಾರ್ತಿಯ ಕಡೆ ತೋರಿಸಿದಳು. ಮುಖವೆಲ್ಲ ಕೆಸರಾಗಿದ್ದ ಅವಳನ್ನು ನೋಡಿ ಪರೀಕ್ಷಕರಿಗೆ ನಗು ಬಂತು. ಪ್ರಮಾಣಪತ್ರವನ್ನು ಆ ಕೆಸರುಗೈಗೇ ಕೊಟ್ಟರು.

ಅಂದು ಸಂಜೆಯೇ ಬೀದಿಯವರೆಲ್ಲ ಬುಟ್ಟಿ ಹಿಡಿದು ಪಾಳು ಜಾಗದ ಕಸ ಎತ್ತಲು ಹೊರಟರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ. ಬಳೆಗಾರ್ತಿಯ ಪಾತಿಯಲ್ಲಿ ಬಿತ್ತಿದ್ದು ಆಮೇಲೆ ಮೊಳೆಯಿತೇ ಎಂದು ಕೇಳಿದ.

"ಮೊಳೆಯಿತು ಚೆನ್ನವೀರ, ಆದರೆ ಅದು ತನ್ನ ಪಾತಿ ಎನ್ನುವುದನ್ನು ಅವಳು ಅಷ್ಟರಲ್ಲಿ ಮರೆತಿದ್ದಳು," ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಚೆನ್ನವೀರ ಊರಿನ ಮಕ್ಕಳಿಗೆ ಪಾಠ ಹೇಳಲು ಹೊರಟ.